ಟ್ರಾಲಿ ಅಕ್ಕನ ಹೆಜ್ಜೆ

ಟ್ರಾಲಿ ಅಕ್ಕನ ಕೈಗೆ ಗಡಿಯಾರ ಇರಲಿಲ್ಲ. ಆಸೆ ಇರಲಿಲ್ಲ ಅಂತಲ್ಲ, ಕಟ್ಟಿದ್ದು ಯಾವುದೂ ಉಳಿದಿರಲಿಲ್ಲ. ಆಸ್ಪತ್ರೆಯ ಲಾಂಡ್ರಿಗೆ ಸೇರಿದ ಮೇಲೆ ಒಂದು ಗಡಿಯಾರ ಟ್ರಾಲಿಯ ಸರಳಿಗೂ ಲಿಫ್ಟಿನ ಬಾಗಿಲಿಗೂ ನಡುವೆ ಸಿಕ್ಕಿ ಅಪ್ಪಚ್ಚಿಯಾಯಿತು. ಇನ್ನೊಂದು ಕೊಳೆ ಬಟ್ಟೆಯ ಜೊತೆ ಮೆಷಿನ್ನಿಗೆ ಹೋಗಿ ಬಿಸಿನೀರಿನಲ್ಲಿ ಬೆಂದು ಹೊರಬಂತು. ಮತ್ತೊಂದು ಯಾವ ವಾರ್ಡಿನ ಯಾವ ಹೊದಿಕೆಯೊಳಗೆ ಮಡಚಿಹೋಯಿತೋ, ಪತ್ತೆಯೇ ಇಲ್ಲ. ಆಮೇಲೆ ಅವಳು ಗೋಡೆ ಗಡಿಯಾರಗಳನ್ನು ನಂಬಿಕೊಂಡಳು. ಮಹಡಿಗೊಂದು ಇದ್ದವು. ಒಂದಕ್ಕೊಂದು ಮಾತು ಬಿಟ್ಟವರ ಹಾಗೆ ತಮ್ಮ ಪಾಡಿಗೆ ತಾವು ಓಡುತ್ತಿದ್ದವು.

ಅವಳ ಕೆಲಸ ಹೇಳುವುದಕ್ಕೆ ಸಣ್ಣದು. ವಾರ್ಡುಗಳಿಂದ ಕೊಳೆ ಹೊದಿಕೆ, ದಿಂಬಿನ ಚೀಲ, ರೋಗಿಗಳ ಅಂಗಿ ಬಾಚಿಕೊಂಡು ಕೆಳಗಿನ ಲಾಂಡ್ರಿಗೆ ಇಳಿಸಬೇಕು. ಒಗೆದು ಇಸ್ತ್ರಿಯಾದದ್ದನ್ನು ಮತ್ತೆ ಮೇಲೇರಿಸಬೇಕು. ಟ್ರಾಲಿ ಅವಳ ಗಲ್ಲದಷ್ಟು ಎತ್ತರ. ಅದರ ಮುಂದಿನ ಎಡಚಕ್ರಕ್ಕೆ ಸದಾ ಗೋಡೆಯ ಮೇಲೇ ಪ್ರೀತಿ. ಎರಡೂ ಕೈಯಲ್ಲಿ ಸರಳನ್ನು ಗಟ್ಟಿಯಾಗಿ ಹಿಡಿದು, ಸೊಂಟದಿಂದ ಒಂದು ಒತ್ತು ಕೊಟ್ಟರೆ ಮಾತ್ರ ನೆಟ್ಟಗೆ ಹೋಗುತ್ತಿತ್ತು. ಬೆಳಗ್ಗೆ ಹಿಡಿದ ಸರಳನ್ನು ಅವಳು ಸಂಜೆಯವರೆಗೆ ಬಿಡುತ್ತಿರಲಿಲ್ಲ. ಹಾಗಾಗಿ ಡಾಕ್ಟರಿಂದ ಹಿಡಿದು ಕಾವಲಿನವನವರೆಗೆ ಎಲ್ಲರಿಗೂ ಅವಳು ಟ್ರಾಲಿ ಅಕ್ಕ.

ಆ ಆಸ್ಪತ್ರೆಯಲ್ಲಿ ವರ್ಷಕ್ಕೊಮ್ಮೆ ವಿಭಾಗಗಳ ನಡುವೆ ಕೈಬದಲು ಓಟ ನಡೆಯುತ್ತಿತ್ತು. ಪ್ರತಿ ತಂಡಕ್ಕೂ ನಾಲ್ಕು ಜನ: ಮೂವರು ಕೆಲಸದವರು, ಒಬ್ಬರು ಯಾರದಾದರೂ ಮನೆಯವರು. ಕಟ್ಟಡಕ್ಕೆ ನಾಲ್ಕು ಬದಿ, ಒಬ್ಬೊಬ್ಬರದು ಒಂದೊಂದು ಬದಿ. ಕೈಯಿಂದ ಕೈಗೆ ಕೊಡುವ ಕೋಲು ಮುರಿದ ಊರುಗೋಲಿನ ತುಂಡು, ಜಾರದಿರಲಿ ಅಂತ ಬ್ಯಾಂಡೇಜು ಸುತ್ತಿದ್ದು. ಕೊನೆಯ ಬದಿಯೇ ಕಷ್ಟದ್ದು. ಅದು ಆಂಬುಲೆನ್ಸ್ ಹತ್ತುವ ಏರು. ಕ್ಯಾಂಟೀನಿನವರು ಸದಾ ಗೆಲ್ಲುತ್ತಿದ್ದರು, ಲಾಂಡ್ರಿಯವರು ಸದಾ ಕೊನೆಗೆ ಬರುತ್ತಿದ್ದರು. ಬಟ್ಟೆಯವರಲ್ಲವೇ, ಒಣಗಲಿಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತೆ ಅಂತ ಕ್ಯಾಂಟೀನಿನ ಅಡುಗೆಯವನು ಟೀ ಕೊಡುವಾಗೆಲ್ಲ ಚುಚ್ಚುತ್ತಿದ್ದ.

ಈ ವರ್ಷ ಲಾಂಡ್ರಿ ತಂಡದಲ್ಲಿ ಒಂದು ಜಾಗ ಖಾಲಿಯಾಯಿತು. ಟ್ರಾಲಿ ಅಕ್ಕ ಮೇಲ್ವಿಚಾರಕನ ಮುಂದೆ ಹೋಗಿ ನಿಂತು, ಆ ಕೊನೆಯ ಬದಿ ನನಗಿರಲಿ ಅಂದಳು. ಸೇರಿದಂದಿನಿಂದ ಅವಳು ಅಲ್ಲಿ ಯಾರನ್ನೂ ಏನನ್ನೂ ಕೇಳಿದವಳಲ್ಲ, ಹೊಸ ಚಕ್ರವನ್ನು ಸಹ. ಶಾಲೆಯಲ್ಲಿದ್ದಾಗ ಓಡುತ್ತಿದ್ದಳು, ಚೆನ್ನಾಗಿಯೇ ಓಡುತ್ತಿದ್ದಳು. ಆಮೇಲೆ ಓಡುವುದಕ್ಕೆ ಕಾರಣ ಸಿಕ್ಕಿರಲಿಲ್ಲ. ದಿನಾ ಟನ್ನುಗಟ್ಟಲೆ ಹೊದಿಕೆ ತಳ್ಳಿಕೊಂಡು ಹತ್ತುವ ಆ ಏರನ್ನು ಒಂದು ಸಲವಾದರೂ ಬರಿಗೈಯಲ್ಲಿ ಹತ್ತಿ ನೋಡಬೇಕು ಅನ್ನುವುದು ಅವಳ ಹಟ.

ತೊಡಕು ಬಂದದ್ದು ಹೊಸ ನಿಯಮದಿಂದ. ಹಿಂದಿನ ವರ್ಷ ಲಿಫ್ಟಿನವನು ಓಡುತ್ತ ಓಡುತ್ತ ತುರ್ತು ಚಿಕಿತ್ಸೆಯ ಬಾಗಿಲೆದುರೇ ಮೂರ್ಛೆ ಬಿದ್ದಿದ್ದ. ಚಿಕಿತ್ಸೆ ಕೊಡುವವರಿಗೆ ಅನುಕೂಲವೇ ಆಯಿತು, ಆಡಳಿತದವರ ಮುಖ ಮಾತ್ರ ಸಣ್ಣಗಾಯಿತು. ಹಾಗಾಗಿ ಈ ಸಲ ಫಿಸಿಯೋಥೆರಪಿಯ ಮೇಡಂ (ಎಲ್ಲರೂ ಕಸರತ್ತು ಮೇಡಂ ಅನ್ನುತ್ತಿದ್ದರು) ಒಂದು ಷರತ್ತು ಹಾಕಿದರು. ಓಟದ ಹಿಂದಿನ ವಾರದಲ್ಲಿ ಯಾವುದಾದರೂ ಮೂರು ದಿನ ಹೆಜ್ಜೆಯ ಗುರಿ ಮುಟ್ಟಿರಬೇಕು, ಮೈಮೇಲೆ ಕಟ್ಟಿಕೊಂಡ ಯಂತ್ರದಲ್ಲಿ ಅದು ಕಾಣಬೇಕು. ಇಲ್ಲದವರು ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟಬಹುದು.

ಟ್ರಾಲಿ ಅಕ್ಕ ನಕ್ಕಳು. ಹೆಜ್ಜೆಗೇನು ಬರ? ಆ ಯಂತ್ರವೊಂದು ಸಿಕ್ಕರೆ ಸಾಕು.

ಅವಳ ಸೋದರಮಾವನದು ಗಡಿಯಾರದ ಅಂಗಡಿ. ಒಂದು ಕಣ್ಣಿಗೆ ಸದಾ ಭೂತಗನ್ನಡಿ ಅಂಟಿಸಿಕೊಂಡೇ ಇರುವ ಮನುಷ್ಯ, ಊಟಕ್ಕೆ ಕೂತರೂ ಬಡಿಸಿದ್ದನ್ನು ರಿಪೇರಿಗೆ ಬಂದದ್ದರ ಹಾಗೆ ನೋಡುತ್ತಿದ್ದ. ಶನಿವಾರ ಸಂಜೆ ಅವಳು ಗಂಡನ ಜೊತೆ ಹೋದಾಗ ಮಾವ ಎರಡು ಡಬ್ಬಿ ತೆಗೆದಿಟ್ಟ. ಒಂದರಲ್ಲಿ ಅಗಲ ಮುಖದ ಸ್ಮಾರ್ಟ್‌ವಾಚು. ಅದು ಫೋನು ಎತ್ತುತ್ತದೆ, ದಾರಿ ತೋರಿಸುತ್ತದೆ, ಎದೆಬಡಿತ ಎಣಿಸುತ್ತದೆ, ನಿದ್ದೆ ಎಷ್ಟಾಯಿತು ಅಂತ ಲೆಕ್ಕ ಕೇಳುತ್ತದೆ, ಬೇಕಾದಾಗ ಬೇಡವಾದಾಗ ಮಾತಾಡುತ್ತದೆ. ಇನ್ನೊಂದರಲ್ಲಿ ಬೆರಳಗಲದ ಕಪ್ಪು ರಬ್ಬರ್ ಪಟ್ಟಿ. ಅದು ಹೆಜ್ಜೆ ಎಣಿಸುತ್ತದೆ, ಗುರಿ ಮುಟ್ಟಿದರೆ ನಡುಗುತ್ತದೆ, ಅಷ್ಟೇ.

ಅವಳಿಗೆ ಪಟ್ಟಿ ಹಿಡಿಸಿತು. ಒಡೆಯಲಿಕ್ಕೆ ಗಾಜಿಲ್ಲ, ನೀರಾದರೆ ಹೆದರಿಕೆಯಿಲ್ಲ. ಗಂಡನಿಗೆ ವಾಚು ಹಿಡಿಸಿತು. ಅವನದು ಮೂರು ಕುರ್ಚಿಯ ಸಲೂನು. ದಿನವಿಡೀ ಗಿರಾಕಿಗಳ ಮೂಗಿನ ಮುಂದೆಯೇ ಓಡಾಡುವ ಕೈ ಅದು. ಅಂಥ ಕೈಯಲ್ಲಿ ಅಂಥ ವಾಚು ಇದ್ದರೆ ಅಂಗಡಿಗೇ ಒಂದು ಕಳೆ ಅಂತ ಅವನ ವಾದ. ಕೊಳ್ಳುವುದು ಒಂದೇ ಅಂತ ಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು. ಇಬ್ಬರೂ ಜಗ್ಗಾಡುವುದನ್ನು ಸ್ವಲ್ಪ ಹೊತ್ತು ಕೇಳಿದ ಮಾವ ಎರಡೂ ಡಬ್ಬಿ ಅವರ ಕಡೆ ತಳ್ಳಿದ. "ಒಂದು ವಾರ ಎರಡನ್ನೂ ಕಟ್ಟಿ ನೋಡಿ. ಮುಂದಿನ ಭಾನುವಾರ ಒಂದು ಇಟ್ಕೊಳ್ಳಿ, ಒಂದು ವಾಪಸ್ ಕೊಡಿ. ಗೀರು ಬಿದ್ದಿದ್ರೆ ಎರಡೂ ನಿಮ್ದೇ, ಅಳಿಯಂದಿರೇ."

ಸೋಮವಾರ ಅವಳು ಪಟ್ಟಿ ಕಟ್ಟಿಕೊಂಡು ಹೋದಳು, ಅವನು ವಾಚು ಕಟ್ಟಿಕೊಂಡು ಹೋದ. ಸಂಜೆ ಊಟದ ಮೇಜಿನ ಮೇಲೆ ಎರಡೂ ಕೈ ಚಾಚಿದವು. ಅವಳದು ನೋಡಿದರೆ ಬೆಳಗಿನಿಂದ ಸೋಫಾ ಬಿಟ್ಟು ಎದ್ದಿಲ್ಲ ಅನ್ನುವಷ್ಟು. ಅವನದು ಗುರಿ ದಾಟಿ, ಇನ್ನೂ ಅರ್ಧ ಗುರಿ ಮೇಲೆ. ಸಾಲದ್ದಕ್ಕೆ ಒಬ್ಬ ದಪ್ಪ ಗಿರಾಕಿಯ ತಲೆ ಮಾಲೀಶು ಮಾಡುವಾಗ ವಾಚು, ನೀವು ಈಜುತ್ತಿದ್ದೀರಾ ಅಂತ ಅವನನ್ನು ಕೇಳಿತ್ತಂತೆ. ಅವನು ಹೌದು ಅಂತ ಒತ್ತಿದ್ದ.

"ನೀನು ಅಲ್ಲಿ ಏನ್ ಕೆಲ್ಸ ಮಾಡ್ತೀಯೋ ಇವತ್ತು ಗೊತ್ತಾಯ್ತು ನೋಡು," ಅಂದ ಗಂಡ. "ಟ್ರಾಲಿ ಮೇಲೆ ಕೂತ್ಕೊಂಡು ಹೋಗ್ತೀಯಾ?"

ಅವಳು ಪಟ್ಟಿಯನ್ನು ಬಿಚ್ಚಿ ಕೊಡವಿದಳು, ಉಜ್ಜಿದಳು, ಮತ್ತೆ ಕಟ್ಟಿದಳು. ಕೊಡವಿದ್ದಕ್ಕೆ ಒಂದಿಷ್ಟು ಹೆಜ್ಜೆ ಏರಿದ್ದನ್ನು ಆ ಸಿಟ್ಟಿನಲ್ಲಿ ಅವಳು ನೋಡಲಿಲ್ಲ. ಪಟ್ಟಿಯೇ ಸರಿಯಿಲ್ಲ ಅನ್ನುವ ನಿರ್ಧಾರಕ್ಕೆ ಬಂದು, ಮಂಗಳವಾರ ಅದಲುಬದಲು ಮಾಡಿಕೊಂಡರು.

ಮಂಗಳವಾರ ಇನ್ನೂ ಕೆಟ್ಟದಾಗಿತ್ತು. ಶಸ್ತ್ರಚಿಕಿತ್ಸೆ ವಾರ್ಡಿನ, ಒಗೆದು ಒಣಹಾಕಲಿಕ್ಕೆ ಒಯ್ಯುವ ಒದ್ದೆ ಬಟ್ಟೆಯೆಲ್ಲ ತುಂಬಿದ ಟ್ರಾಲಿಯನ್ನು ಅವಳು ಆಂಬುಲೆನ್ಸ್ ಏರಿನಲ್ಲಿ ಹಲ್ಲು ಕಚ್ಚಿ ತಳ್ಳುತ್ತಿದ್ದಳು. ಎಡಚಕ್ರ ಎಂದಿನಂತೆ ಗೋಡೆಯ ಕಡೆ ವಾಲುತ್ತಿತ್ತು. ಬೆವರು ಕಣ್ಣಿಗಿಳಿಯುತ್ತಿತ್ತು. ಅಷ್ಟರಲ್ಲಿ ಮಣಿಕಟ್ಟಿನ ಮೇಲೆ ವಾಚು ಗುಂಯ್‌ಗುಟ್ಟಿ, ಜೇನಿನಂಥ ದನಿಯಲ್ಲಿ, ಬಹಳ ಹೊತ್ತಿನಿಂದ ಕೂತಿದ್ದೀರಿ, ಎದ್ದು ಸ್ವಲ್ಪ ಓಡಾಡಿ ಬನ್ನಿ ಅಂದಿತು.

ಅವಳು ವಾಚಿಗೆ ಏನಂದಳು ಅನ್ನುವುದನ್ನು ಇಲ್ಲಿ ಬರೆಯುವಂತಿಲ್ಲ. ಹಿಂದೆ ಬರುತ್ತಿದ್ದ ನರ್ಸು ತನಗೇ ಅಂದದ್ದು ಅಂದುಕೊಂಡು ದಾರಿ ಬಿಟ್ಟಳು.

ಅತ್ತ ಸಲೂನಿನಲ್ಲಿ ಪಟ್ಟಿ ಗಂಡನ ಕೈಯಲ್ಲಿ ಮಧ್ಯಾಹ್ನಕ್ಕೇ ಗುರಿ ಮುಟ್ಟಿ ನಡುಗಿತು. ಆ ಹೊತ್ತಿಗೆ ಸರಿಯಾಗಿ ಅವನ ಕತ್ತರಿಯ ಕೆಳಗೆ ಕೂತಿದ್ದವನು ಲಾಂಡ್ರಿಯ ಮೇಲ್ವಿಚಾರಕ. ಎರಡು ದಿನದ ಲೆಕ್ಕ ಕೇಳಿ ಅವನ ಬಾಯಿ ತೆರೆದದ್ದು ತೆರೆದಂತೇ ಇತ್ತು. ಮನೆಯವರ ಜಾಗಕ್ಕೆ ಇನ್ನೂ ಯಾರೂ ಸಿಕ್ಕಿರಲಿಲ್ಲ. ಅರ್ಧ ತಲೆ ಕತ್ತರಿಸಿಕೊಂಡೇ ಅವನು ಕಸರತ್ತು ಮೇಡಂಗೆ ಫೋನು ಮಾಡಿ, ಮೂರನೆಯ ಬದಿಗೆ ಟ್ರಾಲಿ ಅಕ್ಕನ ಗಂಡ ಅಂತ ಹೆಸರು ಕೊಟ್ಟುಬಿಟ್ಟ.

ಇಲ್ಲಿ ಒಂದು ಮಾತು ಹೇಳಬೇಕು. ಗಂಡ ಮೋಸಗಾರನಲ್ಲ. ಪಾಪ, ಅವನು ನಿಜವಾಗಿಯೂ ನಂಬಿದ್ದ. ಮೂರು ಕುರ್ಚಿಗಳ ಸುತ್ತ ಇಷ್ಟು ವರ್ಷ ತಿರುಗಿ ತಿರುಗಿ ತನಗೇ ಗೊತ್ತಿಲ್ಲದಂತೆ ತಾನು ಓಟಗಾರನಾಗಿಬಿಟ್ಟಿದ್ದೇನೆ ಅಂತ ಅವನಿಗೆ ಅನ್ನಿಸಿತ್ತು. ಸಂಜೆ ಕನ್ನಡಿಯ ಮುಂದೆ ನಿಂತು ಮೀನಖಂಡ ಮುಟ್ಟಿ ನೋಡಿಕೊಂಡ. ಗಿರಾಕಿಯೊಬ್ಬನಿಂದ ಬಿಳಿ ಓಟದ ಶೂ ಎರವಲು ತಂದ, ಒಂದು ಅಳತೆ ದೊಡ್ಡದು. ಬುಧವಾರ ವಾಚು ಕಟ್ಟಿ ಮೂರನೆಯ ದಿನದ ಗುರಿಯನ್ನೂ ದಾಟಿ, ಸಲೂನಿಗೆ ಬಂದವರಿಗೆಲ್ಲ ಭಾನುವಾರ ಬೆಳಗ್ಗೆ ಬನ್ನಿ, ನೋಡೋರಂತೆ ಅಂದ.

ಬುಧವಾರ ಅವಳು ಎರಡನ್ನೂ ಕಟ್ಟಲಿಲ್ಲ. ಪಟ್ಟಿಯನ್ನು ಊಟದ ಮೇಜಿನ ಮೇಲೆ ಬಿಸಾಕಿ ಹೋದಳು. ಮಧ್ಯಾಹ್ನ ಕಸರತ್ತು ಮೇಡಂ ಅವಳ ಎರಡು ದಿನದ ಅಂಕಿ ಮೇಲ್ವಿಚಾರಕನಿಂದ ಕೇಳಿ ಲಾಂಡ್ರಿಗೆ ಬಂದು, ಬೇಜಾರು ಮಾಡ್ಕೋಬೇಡಿ ಅಕ್ಕ, ನಿಮ್ಮ ಆರೋಗ್ಯಕ್ಕೇ ಹೇಳ್ತಿರೋದು, ಇಷ್ಟು ಕಮ್ಮಿ ಓಡಾಟದವರು ಒಮ್ಮೆಲೇ ಏರು ಓಡಬಾರದು, ಅಂದರು. ಅವಳು ತಲೆಯಾಡಿಸಿದಳು. ಗಂಡ ಓಡುತ್ತಾನೆ, ತಾನು ಚಪ್ಪಾಳೆ ತಟ್ಟುತ್ತೇನೆ. ಅದನ್ನು ಯೋಚಿಸುತ್ತಾ ಟ್ರಾಲಿಯನ್ನು ಎಷ್ಟು ಜೋರಾಗಿ ತಳ್ಳಿದಳೆಂದರೆ ಎಡಚಕ್ರ ಕೂಡ ಹೆದರಿ ನೆಟ್ಟಗೆ ಹೋಯಿತು.

ಸಂಜೆ ಬೀದಿಯ ತಿರುವಿಗೇ ಸೀದ ವಾಸನೆ ಬಂತು. ಬಾಗಿಲು ತೆಗೆದರೆ ಅಡುಗೆಮನೆ ತುಂಬ ಹೊಗೆ, ಹೊಗೆಯ ನಡುವೆ ಕುರ್ಚಿಯಲ್ಲಿ ಅತ್ತೆ. ಅತ್ತೆಗೆ ಮಂಡಿನೋವು. ಗೇಟಿನವರೆಗೆ ಹೋಗಬೇಕಾದರೂ ಯಾರದಾದರೂ ತೋಳು ಬೇಕು. ಮಧ್ಯಾಹ್ನ ಸೊಸೆಯ ಮುಖ ನೆನೆದು ಕೇಕು ಮಾಡೋಣ ಅಂತ ಹೊರಟಿದ್ದರಂತೆ. ಮೇಜಿನ ಮೇಲೆ ಅನಾಥವಾಗಿ ಬಿದ್ದಿದ್ದ ಪಟ್ಟಿಯನ್ನು, ಇದೇನು ಸೊಗಸು ನೋಡೋಣ ಅಂತ, ಕೈಗೆ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತೇ ಮೊಟ್ಟೆ ಕಡೆದಿದ್ದಾರೆ, ಬೆಣ್ಣೆ ಕಲಸಿದ್ದಾರೆ, ಸಕ್ಕರೆ ಜರಡಿ ಹಿಡಿದಿದ್ದಾರೆ. ಕೇಕು ಒಲೆಯೊಳಗೆ ಹೋದ ಮೇಲೆ ಒಮ್ಮೆ ಕೈ ನೋಡಿಕೊಂಡವರು ಕಣ್ಣು ಕೀಳದೆ ನೋಡುತ್ತಲೇ ಕೂತಿದ್ದಾರೆ. ಅಷ್ಟರಲ್ಲಿ ಕೇಕು ಇದ್ದಿಲಾಗಿತ್ತು.

ಅತ್ತೆ ಕೈಯನ್ನು ಸೊಸೆಯ ಮುಂದೆ ಹಿಡಿದರು. ಸೊಸೆಯ ಎರಡು ದಿನದ ಹೆಜ್ಜೆ ಕೂಡಿಸಿದರೂ ಅಷ್ಟಾಗುತ್ತಿರಲಿಲ್ಲ.

"ನನ್ನ ಮಂಡಿಗೆ ಹೇಳದೆ ನಾನು ಎಲ್ಲಿಗಮ್ಮಾ ಹೋಗಿ ಬಂದೆ?"

ಅವಳು ಹೊಗೆಯಲ್ಲೇ ನಿಂತಳು. ಅತ್ತೆಯ ಕೈ ನೋಡಿದಳು, ಮೊಟ್ಟೆ ಕಡೆಯುವ ಕೋಲು ನೋಡಿದಳು, ಹಿಂದೆಯೇ ಒಳಬಂದ ಗಂಡನ ಬಲಗೈ ನೋಡಿದಳು. ಕತ್ತರಿ, ಬಾಚಣಿಗೆ, ಮಾಲೀಶು. ಕೊನೆಗೆ ತನ್ನ ಎರಡು ಅಂಗೈ ತಿರುಗಿಸಿ ನೋಡಿಕೊಂಡಳು. ಸರಳು ಹಿಡಿದ ಜಾಗದಲ್ಲಿ ಗಟ್ಟಿ ಗೆರೆ. ಬೆಳಗಿನಿಂದ ಸಂಜೆವರೆಗೆ ಅಲ್ಲಾಡದ ಕೈ.

"ಇದಕ್ಕೆ ಕಾಲಿನ ಸುದ್ದಿಯೇ ಗೊತ್ತಿಲ್ಲ ಅತ್ತೆ," ಅಂದಳು. "ಕೈ ಆಡಿದ್ರೆ ನಡೆದೆ ಅಂತ ತಿಳ್ಕೊಳ್ಳುತ್ತೆ."

ಅತ್ತೆಯ ಕೈಯಿಂದ ಪಟ್ಟಿ ಬಿಚ್ಚಿ, ನೆಲದ ಮೇಲೆ ಕೂತು, ಎಡಗಾಲಿನ ಗಂಟಿಗೆ ಸುತ್ತಿದಳು. ಕೊನೆಯ ತೂತಿಗೆ ಸರಿಯಾಗಿ ಸಿಕ್ಕಿಕೊಂಡಿತು. ವಾಚನ್ನೂ ಸುತ್ತಿ ನೋಡಿದಳು. ಅದರ ಬಾರು ಅರ್ಧಕ್ಕೇ ನಿಂತಿತು, ಅಗಲ ಮುಖ ಮೂಳೆಗೆ ಒತ್ತಿತು, ತನ್ನನ್ನು ಎಲ್ಲಿಗೆ ತಂದರು ಅನ್ನುವ ಹಾಗೆ ಒಮ್ಮೆ ಮಿಣುಕಿತು. ಯಾವುದನ್ನು ಇಟ್ಟುಕೊಳ್ಳುವುದು ಅನ್ನುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಯಾರೂ ವಾದ ಮಾಡಲಿಲ್ಲ. ವಾದ ಮಾಡಬೇಕಾದವನು ಗೋಡೆಗೆ ಒರಗಿ ಬೇರೆಯದೇ ಲೆಕ್ಕ ಹಾಕುತ್ತಿದ್ದ.

"ಹಾಗಾದ್ರೆ ನಾನು..." ಅಂದ.

"ನೀನು ನಿಂತಲ್ಲೇ ನಿಂತಿದ್ದೆ ಕಣೋ," ಅಂದರು ಅತ್ತೆ. "ನಾಳೆನೇ ಹೋಗಿ ಹೆಸರು ವಾಪಸ್ ತಗೋ."

ಅದು ಆಗುವ ಮಾತಾಗಿರಲಿಲ್ಲ. ಅರ್ಧ ಊರಿನ ತಲೆಗಳಿಗೆ ಸುದ್ದಿ ಮುಟ್ಟಿಸಿಯಾಗಿತ್ತು. ಅಲ್ಲದೆ ಅವಳೇ ಬೇಡ ಅಂದಳು. ಇನ್ನೊಬ್ಬರನ್ನು ಹುಡುಕುವಷ್ಟು ಹೊತ್ತಿಲ್ಲ, ಬಿದ್ದರೂ ಸರಿ ಎದ್ದರೂ ಸರಿ, ಕೋಲು ನನ್ನ ಕೈಗೆ ತಲುಪಿಸಿಬಿಡಿ ಅಂದಳು. ಬುಧವಾರದಿಂದ ಆಚೆಗೆ ಉಳಿದದ್ದು ಮೂರೇ ದಿನ. ಮೂರೂ ದಿನ ಅವಳ ಗುರಿ ಮುಟ್ಟಬೇಕಿತ್ತು.

ಗುರುವಾರ ಕಾಲುಚೀಲದೊಳಗೆ ಪಟ್ಟಿ ಕಟ್ಟಿ ಕೆಲಸಕ್ಕೆ ಹೋದಳು. ಇನ್ನೂ ಬೆಳಗಿನ ಪಾಳಿಯ ಚಹಾ ಬಂದಿರಲಿಲ್ಲ, ಕಾಲುಗಂಟಿನಲ್ಲಿ ಮಿಡತೆ ಹೊಕ್ಕ ಹಾಗೆ ಆಯಿತು. ಬೆಚ್ಚಿ ನಿಂತವಳು, ಅದು ಗುರಿ ಮುಟ್ಟಿದ ನಡುಕ ಅಂತ ಗೊತ್ತಾಗಿ ಕಾರಿಡಾರಿನ ನಡುವೆ ಒಬ್ಬಳೇ ನಕ್ಕಳು. ಸಂಜೆ ಅದನ್ನು ಬಿಚ್ಚಿ ಕಸರತ್ತು ಮೇಡಂ ಮುಂದೆ ಇಟ್ಟಾಗ ಅವರು ಅಂಕಿ ನೋಡಿ ಹುಬ್ಬೇರಿಸಿ, ಇದನ್ನು ಬಟ್ಟೆ ಒಗೆಯುವ ಮೆಷಿನ್ನಿನ ಡ್ರಮ್ಮಿಗೆ ಕಟ್ಟಿದ್ದಿರಾ ಅಂತ ಕೇಳಿದರು. ಅವಳು ಪ್ಯಾಂಟಿನ ಅಂಚು ಎತ್ತಿ ಕಾಲುಗಂಟಿನ ಕೆಂಪು ಗೆರೆ ತೋರಿಸಿದಳು. ಮೇಡಂ ಸುಮ್ಮನೆ ಒಪ್ಪುವವರಲ್ಲ. ಪಟ್ಟಿ ಮತ್ತೆ ಕಟ್ಟಿಸಿ, ಖಾಲಿ ಟ್ರಾಲಿಯ ಪಕ್ಕದಲ್ಲಿ ಕಾರಿಡಾರಿನ ತುದಿವರೆಗೆ ತಾವೂ ನಡೆದು, ಬಾಯಲ್ಲಿ ಎಣಿಸುತ್ತ ಬಂದರು. ಲೆಕ್ಕ ಕೂಡಿತು. ಮೇಡಂ ಮಗುವಿನ ಹಾಗೆ ನಕ್ಕು, ಇನ್ನೂ ಎರಡು ದಿನ ಇದೆ ಅಕ್ಕ, ತಪ್ಪಿಸಬೇಡಿ ಅಂದರು.

ಶುಕ್ರವಾರ ತಪ್ಪಲಿಲ್ಲ. ಶನಿವಾರ ಅವಳಿಗೆ ರಜೆ. ತಳ್ಳಲಿಕ್ಕೆ ಟ್ರಾಲಿ ಇಲ್ಲ. ಗಂಡ ಮಧ್ಯಾಹ್ನವೇ ಸಲೂನಿನ ಬಾಗಿಲು ಎಳೆದು, ಬಿಳಿ ಶೂ ಏರಿಸಿ, ನಡಿ ನಾನೂ ಬರ್ತೀನಿ, ಸ್ವಲ್ಪ ಅಭ್ಯಾಸ ಆಗಲಿ ಅಂದ. ಬಲಗೈಯಲ್ಲಿ ವಾಚು. ನಾಳೆ ವಾಪಸ್ಸು ಹೋಗುವ ಅತಿಥಿ ಅಂತ ಅದರ ಮೇಲೆ ವಿಶೇಷ ಅಕ್ಕರೆ.

ಮದುವೆಯಾದ ಹೊಸತರಲ್ಲಿ ನಡೆದಿದ್ದರೇನೋ, ಆಮೇಲೆ ಇಬ್ಬರೂ ಕಾರಣವಿಲ್ಲದೆ ಹೀಗೆ ನಡೆದಿರಲಿಲ್ಲ. ಅವನು ದಾರಿಯುದ್ದಕ್ಕೂ ಮನೆಗಳನ್ನು ತಲೆಯಿಂದ ಗುರುತಿಸುತ್ತ ಹೋದ. ಈ ಹಸಿರು ಗೇಟಿನವರಿಗೆ ಎರಡು ಸುಳಿ. ಆ ಬಾಲ್ಕನಿಯವನದು ಬಣ್ಣ, ಯಾರಿಗೂ ಹೇಳಬೇಡ. ಮೂಲೆಮನೆಯ ವಕೀಲರದು ಕೂದಲೇ ಅಲ್ಲ. ಅವಳು ಕೆಲವರನ್ನು ಹೊದಿಕೆಯಿಂದ ಬಲ್ಲಳು. ಆ ವಕೀಲರು ಪಿತ್ತಕೋಶಕ್ಕೆ ಅಂತ ಸೇರಿದಾಗ ದಿನಕ್ಕೆ ಎರಡು ದಿಂಬಿನ ಚೀಲ ಬೇಕಂತಿದ್ರು, ಯಾಕೆ ಅಂತ ಈಗ ಗೊತ್ತಾಯ್ತು ಬಿಡಿ ಅಂದಳು. ಇಬ್ಬರೂ ಆ ಮನೆಯ ಕಾಂಪೌಂಡು ಹಿಡಿದುಕೊಂಡು ನಕ್ಕರು. ಕಾಲುಗಂಟಿನ ಪಟ್ಟಿ ನಡುಗಿದ್ದು ಸಹ ಅವಳಿಗೆ ತಿಳಿಯಲಿಲ್ಲ. ಮನೆಗೆ ಬಂದು ನೋಡಿದಾಗ ಗುರಿ ಯಾವಾಗಲೋ ದಾಟಿತ್ತು. ಗಂಡನ ಎರಡೂ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿದ್ದವು.

ಭಾನುವಾರ ಬೆಳಗ್ಗೆ ಐದು ತಂಡ ನಿಂತವು. ಸಲೂನಿನ ಗಿರಾಕಿಗಳು ಕಾರು ನಿಲ್ಲಿಸುವ ಜಾಗದ ಉದ್ದಕ್ಕೂ ನೀಟಾದ ತಲೆಗಳೊಂದಿಗೆ ಸಾಲಾಗಿ ನಿಂತಿದ್ದರು. ಅತ್ತೆಗೆ ಏರಿನ ತುದಿಯಲ್ಲಿ ಗಾಲಿಕುರ್ಚಿ ಸಿಕ್ಕಿತ್ತು. ಲಾಂಡ್ರಿಯ ಪರವಾಗಿ ಮೊದಲು ಮೆಷಿನ್ನಿನವನು ಓಡಿದ, ಎರಡನೆಯವಳು ಇಸ್ತ್ರಿಯವಳು. ಇಸ್ತ್ರಿಯವಳು ಯಾವ ಹಟದಲ್ಲಿ ಓಡಿದಳೋ, ಮೂರನೆಯ ಬದಿಗೆ ಬಂದಾಗ ಲಾಂಡ್ರಿಯ ಕೋಲೇ ಎಲ್ಲರಿಗಿಂತ ಮುಂದಿತ್ತು. ಆಸ್ಪತ್ರೆಯ ಇತಿಹಾಸದಲ್ಲಿ ಇಲ್ಲದ್ದು.

ಗಂಡ ಕೋಲು ಹಿಡಿದು ಹೊರಟ. ಗಿರಾಕಿಗಳ ಕೂಗಿಗೆ ಮೊದಲ ಒಂದಿಷ್ಟು ದೂರ ಹಾರಿದ ಹಾಗೇ ಹೋದ. ಜನರೇಟರ್ ಕೋಣೆಯ ಹತ್ತಿರ ಬಲಗಾಲಿನ ಶೂ ಕಾಲು ಬಿಟ್ಟು, ತಾನೇ ಸ್ವಲ್ಪ ದೂರ ಮುಂದೆ ಓಡಿ, ತೆರೆದ ಚರಂಡಿಗೆ ಇಳಿಯಿತು. ಅವನು ನಿಲ್ಲಲಿಲ್ಲ, ಅದು ಅವನ ದೊಡ್ಡತನ. ನಾಲ್ಕು ಹೆಜ್ಜೆ ಆಚೆಗೆ ಪ್ಯಾಂಟಿನ ಕೊಕ್ಕೆ ಕಿತ್ತಿತು. ವಾಚು ಇದ್ದ ಬಲಗೈಯಿಂದ ಸೊಂಟ ಹಿಡಿದ, ಎಡಗೈಯಿಂದ ಕೋಲು ಎದೆಗೆ ಅವುಚಿಕೊಂಡ, ಕಣ್ಣು ಮೇಲೆ ಮಾಡಿಕೊಂಡು ಓಡಿದ. ಜೀವಮಾನದಲ್ಲಿ ಅವನು ಅಷ್ಟು ಓಡಿದ್ದು ಅದೇ ಮೊದಲು. ಆಗ ಅವನ ಸೊಂಟದಿಂದ ಜೇನಿನಂಥ ದನಿ ಬಂತು: ನೀವು ನಿಂತಿದ್ದೀರಿ, ವ್ಯಾಯಾಮ ಮುಗಿಸೋಣವೇ?

ಒಬ್ಬೊಬ್ಬರಾಗಿ ನಾಲ್ವರೂ ಅವನನ್ನು ದಾಟಿದರು. ತಿರುವಿನಲ್ಲಿ ಕೈ ಚಾಚಿ ನಿಂತಿದ್ದ ಹೆಂಡತಿಯ ಹತ್ತಿರ ಬಂದಾಗ ಮಾತಾಡುವಷ್ಟು ಉಸಿರು ಉಳಿದಿರಲಿಲ್ಲ. ಕೋಲು ಕೊಟ್ಟು, ಅಲ್ಲೇ ರಸ್ತೆಯಂಚಿನ ಕಲ್ಲಿನ ಮೇಲೆ ಕುಸಿದು, ಹೋಗು ಅಂತ ಕೈ ಮಾಡಿದ. ಪ್ಯಾಂಟು ಮಾತ್ರ ಬಿಡಲಿಲ್ಲ.

ಟ್ರಾಲಿ ಅಕ್ಕ ಏರಿಗೆ ಬಿದ್ದಳು. ಅವಳು ಓಡಿದ್ದನ್ನು ನೋಡಿದವರು ಇವತ್ತಿಗೂ ಅಭಿನಯಿಸಿ ತೋರಿಸುತ್ತಾರೆ. ಎರಡೂ ಕೈ ಎದೆಯ ಮುಂದೆ ಚಾಚಿ, ಕೋಲಿನ ಜೊತೆ ಇಲ್ಲದ ಸರಳನ್ನೂ ಮುಷ್ಟಿಯಲ್ಲಿ ಹಿಡಿದು, ಸೊಂಟದಿಂದ ಒತ್ತು ಕೊಡುತ್ತ ಓಡಿದಳು. ಗಿರಾಕಿಗಳು ನಕ್ಕರು. ಅವಳಿಗೆ ಅದು ಕೇಳಲಿಲ್ಲ. ಅವಳಿಗೆ ಗೊತ್ತಾದದ್ದು ಒಂದೇ: ಟ್ರಾಲಿ ಇಲ್ಲ. ಗೋಡೆಗೆ ಎಳೆಯುವ ಚಕ್ರವಿಲ್ಲ, ಒದ್ದೆ ಹೊದಿಕೆಯ ಭಾರವಿಲ್ಲ. ಏರು ಏರಿನ ಹಾಗೇ ಇರಲಿಲ್ಲ. ಉಳಿದವರು ಏದುಸಿರು ಬಿಡುತ್ತಿದ್ದ ಜಾಗದಲ್ಲಿ ಅವಳಿಗೆ ಉಸಿರು ತೆರೆದುಕೊಂಡಿತು. ನೋಂದಣಿಯವನನ್ನು ದಾಟಿದಳು, ಲ್ಯಾಬಿನವಳನ್ನು ದಾಟಿದಳು, ಕಾವಲಿನವನನ್ನು ದಾಟುವಾಗ ಅಭ್ಯಾಸಬಲದಿಂದ, ದಾರಿ ದಾರಿ ಅಂದಳು, ಅವನೂ ಅಭ್ಯಾಸಬಲದಿಂದ ಬದಿಗೆ ಸರಿದ. ಮುಂದೆ ಉಳಿದದ್ದು ಕ್ಯಾಂಟೀನಿನ ಅಡುಗೆಯವನ ಬೆನ್ನು. ಅದು ದೊಡ್ಡದಾಗುತ್ತ ಬಂತು. ಬೆವರಿನ ಕಲೆ ಕಂಡಿತು, ಅಂಗಿಯ ಹೊಲಿಗೆ ಕಂಡಿತು. ಇನ್ನೊಂದೇ ಕೈ ಅಂತರ ಅನ್ನುವಾಗ ಅವನು ಗೆರೆ ದಾಟಿಬಿಟ್ಟ.

ಅವಳು ಗೆರೆ ದಾಟಿದರೂ ನಿಲ್ಲಲಿಲ್ಲ. ಅತ್ತೆಯ ಗಾಲಿಕುರ್ಚಿಯ ಹಿಡಿಗೆ ಮುಷ್ಟಿ ಸಿಕ್ಕಿಕೊಂಡಿತು. ಅದನ್ನೂ ತಳ್ಳಿಕೊಂಡು ಒಂದು ಸುತ್ತು ಹೊಡೆದಳು. ಅತ್ತೆ ಕಿರುಚುತ್ತ, ಬಿಡಬೇಡ ಬಿಡಬೇಡ ಅನ್ನುತ್ತಿದ್ದರು. ಲಾಂಡ್ರಿಯವರು ಗೆದ್ದವರಿಗಿಂತ ಜೋರಾಗಿ ಕುಣಿದರು. ಕೊನೆಯ ಜಾಗ ಬಿಟ್ಟು ಬೇರೆ ಜಾಗ ಹೇಗಿರುತ್ತದೆ ಅಂತ ಅವರಿಗೆ ಗೊತ್ತಾದದ್ದು ಆವತ್ತೇ. ಕ್ಯಾಂಟೀನಿನ ಅಡುಗೆಯವನು ಮೊಣಕಾಲು ಹಿಡಿದು ಬಗ್ಗಿ ನಿಂತವನು, ತಲೆ ಎತ್ತಿ, "ಇನ್ನೊಂದು ಮಾರು ರಸ್ತೆ ಇದ್ದಿದ್ರೆ ನನ್ನ ಕಥೆ ಮುಗೀತಿತ್ತು ಅಕ್ಕ," ಅಂದ. ಬಟ್ಟೆ, ಒಣಗುವುದು ಅನ್ನುವ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ.

ಒಂದು ಶೂ ಹಾಕಿಕೊಂಡು, ಸೊಂಟ ಹಿಡಿದುಕೊಂಡು, ಗಂಡ ಏರು ಹತ್ತಿ ಬಂದ.

"ಗೆದ್ವಾ?"

"ಇಲ್ಲ ರೀ, ಸೋತ್ವಿ," ಅಂದಳು. ಆದರೆ ಅವಳ ಮುಖ ನೋಡಿ ಅವನು ಅದನ್ನು ನಂಬಲಿಲ್ಲ. ಬೇರೆಯವರನ್ನು ಕೇಳಿಕೊಂಡು ಬಂದ.

ಸಂಜೆ ಮಾವನ ಅಂಗಡಿಗೆ ವಾಚು ವಾಪಸ್ಸಾಯಿತು. ಮಾವ ಭೂತಗನ್ನಡಿಯ ಕಣ್ಣಿನಿಂದ ಅದರ ಮುಖ, ಬೆನ್ನು, ಬಾರು ಎಲ್ಲ ನೋಡಿದ, ಗೀರು ಸಿಗಲಿಲ್ಲ. ಬಹಳ ಹೊತ್ತಿನಿಂದ ಕೂತಿದ್ದೀರಿ ಅಂತ ಅದು ಮಾವನಿಗೂ ಹೇಳಿತು. ಪಟ್ಟಿ ಎಲ್ಲಿ ಅಂತ ಕೇಳಿದ್ದಕ್ಕೆ ಅವಳು ಎಡಗಾಲು ಮುಂದಿಟ್ಟಳು.

ಒಟ್ಟು ಕಳೆದದ್ದು ಇಷ್ಟು: ಕೈ ಅಂತರದಲ್ಲಿ ಒಂದು ಓಟ, ಎರವಲು ತಂದ ಒಂದು ಬಲಗಾಲಿನ ಶೂ, ಪ್ಯಾಂಟಿನ ಒಂದು ಕೊಕ್ಕೆ, ಒಂದು ಕೇಕು.